ಶೀಶೆಯ ಕೊರಳಿನ ಪಟ್ಟಿ

ಅಕ್ಕ ಹೊಲಿಗೆ ಯಂತ್ರದ ಮೇಲೆ ಬಗ್ಗಿ ಬೆರಳುದ್ದದ ಬಿಳಿ ಬಟ್ಟೆಯ ಪಟ್ಟಿಗಳನ್ನು ಹೊಲಿಯುತ್ತಿದ್ದಳು.

"ಇವೇನಕ್ಕ, ಗೊಂಬೆಗೆ ಬೆಲ್ಟಾ?" ಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರ ಬಂದಿದ್ದ ತಂಗಿ ಬಾಗಿಲಲ್ಲೇ ನಿಂತು ಕೇಳಿದಳು.

"ಹಾಲಿನ ಶೀಶೆಗೆ. ಕೊರಳಿಗೆ ಕಟ್ಟಿ, ಕೊಟ್ಟವಳ ಹೆಸರು ಬರೀರಿ. ಕುಡಿದ ಮಗುವಿನ ಮನೆಯವರಿಗೂ ತಿಳಿಸಿ. ಒಂದೇ ಎದೆಹಾಲು ಕುಡಿದವರು ಒಡಹುಟ್ಟಿದವರು ಕಣೇ. ನಾಳೆ ಗೊತ್ತಿಲ್ಲದೆ ಮದುವೆ ಆದ್ರೆ ದೇವರಿಗೆ ಯಾರು ಉತ್ತರ ಕೊಡ್ತಾರೆ? ಇಷ್ಟು ಮಾಡಿದ್ರೆ ಸಭೇಲಿ ಒಪ್ಪಿಗೆಗೆ ನಾನು ಕೈ ಎತ್ತುತ್ತೀನಿ."

ತಂಗಿಗೆ ಹೋದ ಜೀವ ಬಂದಂತಾಯಿತು. ದೇವರ ಗೊಡವೆಯನ್ನು ಅವಳು ಎಂದೋ ಬಿಟ್ಟಿದ್ದಳು. ಆದರೆ ಎಳೆಗೂಸುಗಳ ವಾರ್ಡಿನಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ವಾರ್ಡಿನವರು ಗುಬ್ಬಿ ಎಂದು ಕರೆಯುತ್ತಿದ್ದ ಮಗು ಮಲಗಿತ್ತು. ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಹೆತ್ತವಳು ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಪುಡಿಹಾಲು ಹಾಕಿದರೆ ಹೊಟ್ಟೆ ತಮಟೆಯಂತೆ ಬಿಗಿಯುತ್ತಿತ್ತು. ಹಾಲು ಕೊಡುತ್ತೇವೆಂದು ಮುಂದೆ ಬಂದ ತಾಯಂದಿರಿದ್ದರು. ಆ ಹಾಲನ್ನು ಪರೀಕ್ಷಿಸಿ, ಕಾಯಿಸಿ, ತಣ್ಣಗಿಡುವ ಯಂತ್ರವೂ ಬಂದು ಕೂತಿತ್ತು. ಯಾರೋ ತಕರಾರು ಎತ್ತಿದ್ದರಿಂದ ಯಂತ್ರದ ಕೋಣೆಗೆ ಬೀಗ. ತೆಗೆಯಬೇಕಾದರೆ ನಗರಸಭೆ ಒಪ್ಪಬೇಕು. ಸದಸ್ಯರು ಅತ್ತ ಅರ್ಧ, ಇತ್ತ ಅರ್ಧ. ನಡುವೆ, ಸದಸ್ಯೆಯಾಗಿದ್ದ ಅಕ್ಕನ ಒಂದು ಕೈ.

ಸಭೆಯ ದಿನ ಸಭಾಂಗಣ ಕಿಕ್ಕಿರಿದಿತ್ತು. ತಂಗಿಯನ್ನು ಬಿಟ್ಟರೆ, ಮಾತಾಡಿದವರಲ್ಲಿ ಒಬ್ಬರೂ ಗುಬ್ಬಿಯನ್ನು ಕಣ್ಣಲ್ಲಿ ಕಂಡವರಲ್ಲ. ಸಿಮೆಂಟ್ ಅಂಗಡಿಯ ಸಾಹುಕಾರ ಮೇಜು ಗುದ್ದಿದ: "ಯಾರ ಹಾಲೋ, ಯಾರ ಮಗುವೋ! ಕುಲಗೆಡಿಸೋ ಕೆಲಸ ಇದು!" ತಂಗಿಯ ಓದುಬಳಗದ ವಕೀಲ, ಪ್ರೇಕ್ಷಕರ ಸಾಲಿನಿಂದಲೇ ತಿರುಗೇಟು ಕೊಟ್ಟ: "ಸಾಹುಕಾರ್ರೇ, ನೀವು ಕುಡಿದಿದ್ದು ಹಾಲೋ ಸಿಮೆಂಟೋ?" ಬಳಗ ಗೊಳ್ಳೆಂದು ನಕ್ಕಿತು. ತಂಗಿಯೂ ನಕ್ಕಳು.

ಅಕ್ಕ ಎದ್ದಳು. ಪಟ್ಟಿಗಳ ಕಟ್ಟು ಅವಳ ಕೈಯಲ್ಲಿತ್ತು. ಎಂದಿನಂತೆ ಮೊದಲು ಕಣ್ಣು ಮುಚ್ಚಿ, ತನ್ನ ದೇವರನ್ನು ನೆನೆದಳು.

"ಬೇಗ ಅಕ್ಕಾ, ದೇವರು ಲೈನಲ್ಲಿ ಸಿಗ್ತಿಲ್ವಾ?" ಬಳಗದವರೇ ಯಾರೋ ಕೂಗಿದರು. ಮತ್ತೆ ನಗು. ಅಕ್ಕನ ಕಿವಿ ಕೆಂಪಾಯಿತು.

"ಹಾಲು ಅಂದ್ರೆ ಸಂಬಂಧ," ಎಂದಳು. "ಯಾರ ಹಾಲು ಕುಡಿದ್ವಿ ಅಂತ ಗೊತ್ತಿರಬೇಕು. ನಮ್ಮ ಮನೇಲಿ ಇಂಥದ್ದು ಯಾವತ್ತೂ ನಡೆದಿಲ್ಲ. ಆದ್ರೂ..."

"ಆದ್ರೂ" ತಂಗಿಯ ಕಿವಿಗೆ ಬೀಳಲೇ ಇಲ್ಲ. ವಾದದ ಅಮಲು ಅಂಥದ್ದು: ಎದುರಿನವರ ಮಾತು ಅರ್ಧವಾದಾಗಲೇ ನಮ್ಮ ಉತ್ತರ ತುದಿನಾಲಗೆಗೆ ಬಂದು ಕುಣಿಯುತ್ತದೆ. ಅವಳು ಎದ್ದು ನಿಂತಿದ್ದಳು.

"ನಡೆದಿದೆ ಅಕ್ಕಾ! ನೀನು ಹುಟ್ಟಿದಾಗ ಅಮ್ಮನಿಗೆ ಹಾಲಿರಲಿಲ್ಲ. ನಿನ್ನನ್ನು ಬದುಕಿಸಿದ್ದು ಬೇರೆ ಧರ್ಮದವಳ ಎದೆಹಾಲು. ಸಾಯೋ ಮುಂಚೆ ಅಮ್ಮನೇ ನಂಗೆ ಹೇಳಿದ್ಲು!"

ಅಕ್ಕನಿಗೆ ಹೇಳಬೇಡ, ಅವಳು ನೊಂದುಕೊಳ್ಳುತ್ತಾಳೆ ಎಂದೂ ಅಮ್ಮ ಹೇಳಿದ್ದಳು. ಅದು ಈಗ ನೆನಪಾಯಿತು. ಬಳಗ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು. "ಭಲೇ! ಬಾಯಿ ಮುಚ್ಚಿಸಿದ್ರಿ!" ಎಂದ ವಕೀಲ. ಹೌದು, ಬಾಯಿ ಮುಚ್ಚಿತು. ಅಕ್ಕ ಹಾಗೇ ಕೂತಳು. ಅಧ್ಯಕ್ಷರು "ಒಪ್ಪುವವರು ಕೈ ಎತ್ತಿ" ಎಂದಾಗ ಅವಳ ಕೈ ಮಡಿಲಿನ ಪಟ್ಟಿಗಳ ಮೇಲೇ ಇತ್ತು. ವಿಷಯ ಮುಂದಿನ ತಿಂಗಳ ಸಭೆಗೆ ಹೋಯಿತು.

ಗುಬ್ಬಿಗೆ ಮುಂದಿನ ತಿಂಗಳು ಬರಲಿಲ್ಲ.

ತಂಗಿ ಗಾಜಿನ ಪೆಟ್ಟಿಗೆಯನ್ನು ತೊಳೆದು ಒರೆಸುತ್ತಿದ್ದಾಗ ಅಕ್ಕ ವಾರ್ಡಿಗೆ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೇಳಿಸಿಕೊಳ್ಳದೆಯೇ ಕೈ ತೊಳೆದುಕೊಂಡಳು. ಖಾಲಿ ಪೆಟ್ಟಿಗೆಯನ್ನು ನೋಡಿದಳು.

"ನಾನು ಅವತ್ತು ಒಪ್ಪಿಗೆ ಅಂತಾನೇ ಹೇಳೋಕೆ ಎದ್ದಿದ್ದೆ."

"ಗೊತ್ತಕ್ಕ."

"ಕೈ ಮೇಲೇಳಲಿಲ್ಲ ಕಣೇ. ಎಲ್ಲರೂ ನನ್ನನ್ನೇ ನೋಡಿ ಚಪ್ಪಾಳೆ ತಟ್ತಿದ್ರು. ಹಟ ಮಾಡ್ಬಿಟ್ಟೆ. ಆ ಕೂಸಿನ ಮೇಲೆ ಹಟ ಮಾಡ್ಬಿಟ್ಟೆ."

ತಂಗಿಯ ಕೈಯಲ್ಲಿನ ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅವಳ ಹೆಸರೇನು?" ಅಕ್ಕ ಕೇಳಿದಳು.

"ಗುಬ್ಬಿದಾ? ಇನ್ನೂ ಇಟ್ಟಿರಲಿಲ್ಲ."

"ಅಲ್ವೇ. ನನಗೆ ಹಾಲು ಕೊಟ್ಟವಳದು."

ತಂಗಿ ತಲೆ ತಗ್ಗಿಸಿದಳು. "ಅಮ್ಮ ಹೇಳಲಿಲ್ಲ. ನಾನೂ ಕೇಳಲಿಲ್ಲ."

"ಯಾವ ಬೀದಿ? ಮಕ್ಕಳಿದ್ರಾ?"

"ಗೊತ್ತಿಲ್ಲಕ್ಕ."

"ನೋಡು," ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ತಂಗಿಗೆ ಸುಲಭವಾಗುತ್ತಿತ್ತು. "ಎಲ್ಲೋ ನನಗೊಬ್ಬಳು ತಾಯಿ ಇದ್ಲು. ಎಲ್ಲೋ ಅಣ್ಣನೋ ತಂಗಿಯೋ ಇದ್ದಾರು. ದಾರೀಲಿ ಎದುರು ಸಿಕ್ಕಿದ್ರೂ ಸಿಕ್ಕಿರಬಹುದು. ಸಾಹುಕಾರನ ಪಕ್ಕ ಕೂತು ನಾನು ಅವರನ್ನೇ ಬೈದಿದ್ರೂ ಬೈದಿರಬಹುದು. ಹೆಸರು ಬರೀರಿ ಅಂದಿದ್ದು ಇದಕ್ಕೇ ಅಲ್ವೇನೇ?"

ಚೀಲದಿಂದ ಪಟ್ಟಿಗಳ ಕಟ್ಟನ್ನು ತೆಗೆದು ಮೇಜಿನ ಮೇಲಿಟ್ಟಳು.

"ಮುಂದಿನ ಸಭೇಲಿ..." ತಂಗಿ ತಡವರಿಸಿದಳು.

"ಎತ್ತುತ್ತೀನಿ. ಪಟ್ಟಿ ಕಟ್ಟಿದ್ರೂ ಸರಿ, ಬಿಟ್ರೂ ಸರಿ." ಅಕ್ಕ ಬಾಗಿಲಲ್ಲಿ ಬಗ್ಗಿ ಚಪ್ಪಲಿ ಹುಡುಕಿದಳು. "ಆದ್ರೆ ಮನೆ ಮಾತು ಏನಾದ್ರೂ ಇದ್ರೆ ಇನ್ಮೇಲೆ ನಂಗೆ ಹೇಳಬೇಡ ಕಣೇ. ನಾನೂ ಹೇಳೋಲ್ಲ."

ಮೆಟ್ಟಿಲಿಳಿಯುವ ಸದ್ದು ಕೇಳಿಸಿತು. ತಂಗಿ ಒಂದು ಪಟ್ಟಿಯನ್ನು ಕೈಗೆತ್ತಿಕೊಂಡಳು. ಎಳೆಗೂಸಿನ ಶೀಶೆಗೆ ತಕ್ಕ ಅಳತೆ. ಅಂಚು ಚುಚ್ಚದಂತೆ ಅಕ್ಕ ನಾಲ್ಕೂ ಕಡೆ ಮಡಿಚಿ ಹೊಲಿದಿದ್ದಳು. ಹೆಸರು ಬರೆಯುವ ಜಾಗ ಬಿಳಿಯಾಗಿಯೇ ಇತ್ತು.