ಓನರಮ್ಮನಿಗೆ ಗೊತ್ತಾಗಬಾರದ ನಾಯಿ

ಮಹಡಿ ಮನೆ ಬಾಡಿಗೆಗೆ ಕೊಡುವಾಗಲೇ ಓನರಮ್ಮ ಕಡ್ಡಿ ಮುರಿದ ಹಾಗೆ ಹೇಳಿದ್ದರು, ನಾಯಿ ಬೆಕ್ಕು ಸಾಕಿದರೆ ಅವತ್ತೇ ಗಂಟುಮೂಟೆ ಕಟ್ಟಿ ಅಂತ. ಅಪ್ಪ ಅಮ್ಮ ಇಲ್ಲದ ಅಕ್ಕತಂಗಿ ಇಬ್ಬರೂ ಹೂಂ ಅಂದರು. ಹೂಂ ಅಂದ ತಂಗಿಯೇ ಒಂದು ಬೀದಿ ನಾಯಿಮರಿಯನ್ನು ಶಾಲಿನಲ್ಲಿ ಸುತ್ತಿಕೊಂಡು ಮೆಟ್ಟಿಲು ಹತ್ತಿಬಿಟ್ಟಳು. ಪುಣ್ಯಕ್ಕೆ ಅದು ಬೊಗಳುತ್ತಿರಲಿಲ್ಲ. ಮೂಗ ಅಂತ ಕರೆದರು.

ಬೊಗಳದಿದ್ದರೇನು, ಮೈ ತುಂಬ ಉಣ್ಣಿ. ಹೊಲಿಗೆ ಅಂಗಡಿಯಿಂದ ಬಂದವಳೇ ತಂಗಿ ಮೂಗನನ್ನು ತೊಡೆ ಮೇಲೆ ಹಾಕಿಕೊಂಡು, ಕಿವಿಯೊಳಗಿನ ಉಣ್ಣಿ ಕಿತ್ತು ಕಿತ್ತು, ಎರಡು ಹೆಬ್ಬೆರಳ ಉಗುರಿನ ನಡುವೆ ಪಟ್ ಅಂತ ಒಡೆಯುತ್ತಿದ್ದಳು. ಸೂಜಿ ಚುಚ್ಚಿ ಗಾಯವಾದ ಬೆರಳು ಬೇರೆ. ಔಷಧಿ ಹಾಕಿಸೋಣ ಅಂದರೆ ಮೂಗ ಶಾಲಿನಲ್ಲಿ ಹಿಡಿಸದಷ್ಟು ಬೆಳೆದಿದ್ದ. ಓನರಮ್ಮನ ಬಾಗಿಲ ಮುಂದೆಯೇ ಇಳಿಸಬೇಕು. ನಾಳೆ ನೋಡೋಣ ಅಂತ ದಿನ ತಳ್ಳಿದರು.

ತಂಗಿಗೆ ಜ್ವರ ಬಂತು. ಎಂಥ ಜ್ವರ ಅಂತೀರಿ, ತಲೆ ಸಿಡಿಯುತ್ತೆ ಅಂತ ಗೋಡೆಗೆ ಹಣೆ ಒತ್ತಿ ಕೂತುಬಿಟ್ಟಳು. ಸುದ್ದಿ ಕೇಳಿದ ಓನರಮ್ಮ ತಾವೇ ಕಾರು ತೆಗೆದು ಆಸ್ಪತ್ರೆಗೆ ಕರೆದೊಯ್ದರು, ಡಾಕ್ಟರ ಎದುರು ಅವಳನ್ನು ಒರಗಿಸಿಕೊಂಡು ಕೂತರು. ಬಾಯಿ ಜೋರು, ಮನಸ್ಸು ಒಳ್ಳೆಯದು. ಆ ಒಳ್ಳೆಯತನವೇ ಮುಳುವಾಯಿತು.

"ಮನೆಯಲ್ಲಿ ನಾಯಿ ಇದೆಯಾ? ಉಣ್ಣಿ ಏನಾದರೂ ಕಚ್ಚಿತ್ತಾ?" ಅಂತ ಡಾಕ್ಟರು ಕೇಳಿದರು.

ಉತ್ತರ ಅಕ್ಕನ ನಾಲಿಗೆ ತುದಿಯಲ್ಲೇ ಇತ್ತು. ಆದರೆ ಓನರಮ್ಮ ಎದುರಿಗಿದ್ದಾರೆ. ಮನೆ ಬಿಡಿ ಅಂದರೆ ಈ ಜ್ವರದವಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ? "ಇಲ್ಲ" ಅಂದುಬಿಟ್ಟಳು. ತಂಗಿ ಕಣ್ಣು ಮುಚ್ಚಿಕೊಂಡಳು. ಓನರಮ್ಮ ಕೈಚೀಲದ ಜಿಪ್ಪು ಎಳೆಯುತ್ತ ಕೂತಿದ್ದರು. ಡಾಕ್ಟರು ಜ್ವರದ ಮಾತ್ರೆ ಕೊಟ್ಟು ಕಳಿಸಿದರು.

ಮಾತ್ರೆ ನುಂಗಿದ್ದೇ ಬಂತು. ಮಣಿಕಟ್ಟಿನಲ್ಲಿ, ಅಂಗೈಯಲ್ಲಿ ಕೆಂಪು ಚುಕ್ಕೆಗಳೆದ್ದವು. ಬೆವರುಸಾಲೆ ಇರಬೇಕು ಅಂತ ಅಕ್ಕ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ತಂಗಿ ಅಕ್ಕನ ಗುರುತೇ ಹಿಡಿಯದೆ ಹೋದಾಗ ಅವಳು ಓನರಮ್ಮನ ಬಾಗಿಲಿಗೆ ಓಡಿದಳು. ಮತ್ತೆ ಅದೇ ಕಾರು, ಅದೇ ಆಸ್ಪತ್ರೆ. ಮನೆ ಹಾಳಾಗಿ ಹೋಗಲಿ ಅಂತ ಈ ಸಲ ಓನರಮ್ಮನ ಎದುರಿಗೇ ನಾಯಿ, ಉಣ್ಣಿ, ಉಗುರು ಎಲ್ಲ ಹೇಳಿದಳು. ಡಾಕ್ಟರು ಬೈಯಲಿಲ್ಲ. ಉಣ್ಣಿಯಿಂದ ಬರುವ ಜ್ವರ, ಇದಕ್ಕೆ ಮದ್ದಿದೆ, ಮೊದಲ ದಿನವೇ ಹೇಳಬಾರದಿತ್ತಾ ಅಂದು ಒಳಗೆ ಓಡಿದರು. ಮದ್ದು ಮೈಗೆ ಹತ್ತುವ ಮೊದಲೇ ತಂಗಿ ಹೋದಳು.

ಹೊರಗೆ ಬೆಂಚಿನ ಹತ್ತಿರ ಅಕ್ಕ ಓನರಮ್ಮನ ಕಾಲು ಹಿಡಿಯಲು ಬಗ್ಗಿದಳು. ನಿಮ್ಮಿಂದ ಮುಚ್ಚಿಟ್ಟೆ, ತಪ್ಪಾಯ್ತು ಅಂದಳು. ಓನರಮ್ಮ ಅವಳ ಕೈ ಹಿಡಿದೆತ್ತಿದರು.

"ಅದು ಬಂದ ವಾರದಲ್ಲೇ ನಂಗೆ ಗೊತ್ತಿತ್ತು ಕಣಮ್ಮ. ಮೆಟ್ಟಿಲ ಮೇಲಿನ ಕೂದಲು ದಿನಾ ಗುಡಿಸ್ತಿದ್ದಿದ್ದು ನಾನೇ ಅಲ್ವಾ? ಡಾಕ್ಟರ ಮುಂದೆ ನಿನ್ನನ್ನ ಸುಳ್ಳುಗಾತಿ ಅನ್ನಿಸಬಾರದು ಅಂತ ಸುಮ್ಮನಿದ್ದೆ."

ಅಕ್ಕ ಆ ಕೈಯನ್ನು ಕಿತ್ತುಕೊಂಡಳು. ಸ್ವಲ್ಪ ಹೊತ್ತಿಗೆ ಮತ್ತೆ ತಾನೇ ಹಿಡಿದುಕೊಂಡಳು. ಹಿಡಿದುಕೊಳ್ಳಲು ಅವಳಿಗೆ ಬೇರೆ ಯಾರೂ ಇರಲಿಲ್ಲ.