ಒಂದು ಒಳ್ಳೆ ಚೂರಿ

ಮಂಜಯ್ಯ ಹೆಬ್ಬೆರಳನ್ನು ಸ್ವಲ್ಪ ಆಡಿಸಿದ್ದಷ್ಟೇ, ಟಕ್ ಎಂದು ಅಲಗು ಹೊರಗೆ ಬಂತು. ಇನ್ನೊಮ್ಮೆ ಆಡಿಸಿದ, ಒಳಗೆ ಹೋಯಿತು. ಇನ್ನೊಂದು ಕೈಯನ್ನು ಬೇಕೆಂದೇ ಬೆನ್ನ ಹಿಂದೆ ಇಟ್ಟುಕೊಂಡಿದ್ದ.

"ಕಾಣ್, ಒಂದೇ ಕೈ ಸಾಕ್. ಉಪ್ಪ್ ನೀರಂಗೆ ವರ್ಷ ಇಟ್ರೂ ತುಕ್ಕ್ ಹಿಡುದಿಲ್ಲೆ. ಇದ್ನ ತಕಂಡವ್ರ್ ಮತ್ತೆ ನನ್ನ್ ಅಂಗ್ಡಿಗೆ ಬಪ್ಪುದೇ ಇಲ್ಲೆ. ಅದೊಂದೇ ನಂಗೆ ಲಾಸ್."

ರತನ್ ನಗಲಿಲ್ಲ. ಕುಂದಾಪುರದ ಆ ಬಲೆ ಅಂಗಡಿಯ ಗಾಜಿನ ಮೇಲೆ ಮೂರು ಮಡಚುವ ಚೂರಿಗಳಿದ್ದವು. ಒಂದು ಮಂಜಯ್ಯ ಆಡಿಸುತ್ತಿದ್ದ ಫಾರಿನ್ನಿನದು. ಉಳಿದೆರಡು ಒಂದೇ ನಮೂನೆಯವು, ಕಪ್ಪು ಹಿಡಿ, ಬೆಲೆ ಅದರ ಅರ್ಧ. ಜೇಬಿನಲ್ಲಿದ್ದ ದುಡ್ಡಿಗೆ ಅದು ಒಂದು ಬರುತ್ತಿತ್ತು, ಇಲ್ಲವೇ ಇವೆರಡೂ ಬರುತ್ತಿದ್ದವು.

ದುಡ್ಡು ಅವನದಲ್ಲ, ಬೋಟಿನ ಧನಿ ಪ್ರೇಮಾನಂದನದು. ಬೆಳಿಗ್ಗೆ ಗಂಗೊಳ್ಳಿ ಬಂದರಿನಲ್ಲಿ ತಾಂಡೇಲ ರಾಜೇಂದ್ರ ಅದನ್ನು ಅವನ ಕೈಗಿಟ್ಟಿದ್ದ. ಬೋಟು ನಡೆಸುವವನು ಅವನೇ, ಧನಿಯ ಮಾತು ಕೆಳಗಿನವರಿಗೆ ತಲುಪುವುದೂ ಅವನಿಂದಲೇ.

"ಧನಿ ಫೋನ್ ಮಾಡಿದ್ರ್. ರತನ್‌ಗೆ ಒಂದ್ ಒಳ್ಳೆ ಚೂರಿ ಆಯ್ಕ್ ಅಂದ್ರ್. ಒಂದೇ ಸಾಕ್ ಅಂಬ್ರ್."

"ಮುತ್ತಣ್ಣಂಗೆ?"

ರಾಜೇಂದ್ರ ಡೀಸೆಲ್ ಕ್ಯಾನಿನ ಮುಚ್ಚಳ ತಿರುಗಿಸುತ್ತ ನಿಂತಿದ್ದ. ಆಗಲೇ ಬಿಗಿಯಾಗಿದ್ದ ಮುಚ್ಚಳ ಅದು.

ಕಡಲಿನ ನಡುವೆ ಬೋಟನ್ನು ತಳ್ಳುವ ಅಡಿಯ ಫ್ಯಾನಿಗೆ ಹಳೆ ಬಲೆ ಸುತ್ತಿಕೊಂಡರೆ ಯಾರಾದರೂ ಚೂರಿ ತೆಗೆದುಕೊಂಡು ನೀರಿಗೆ ಇಳಿದು ಕೊಯ್ಯಬೇಕು. ಆ ಬೋಟಿನಲ್ಲಿ ಇಳಿಯುವವರು ಇಬ್ಬರು, ಮುತ್ತ ಮತ್ತು ರತನ್. ರತನ್‌ಗೆ ಈ ಕೆಲಸ ಕಲಿಸಿದ್ದೇ ಮುತ್ತ. ಮೇ ತಿಂಗಳ ಕೊನೆಯಲ್ಲಿ ನೀರಿನಡಿಯಲ್ಲಿ ಮುತ್ತನ ಹಳೆ ಚೂರಿ ತಾನಾಗಿ ಮಡಚಿಕೊಂಡು ಅವನ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡನ್ನೂ ತಿಂದುಹಾಕಿತು. ಆಸ್ಪತ್ರೆಗೆ ಧನಿ ಬಂದಿದ್ದ. ನಾಲ್ಕು ಸೇಬು ತಂದಿದ್ದ. ಬ್ಯಾಂಡೇಜಿನ ಕೈ ಹಿಡಿದು ಫೋಟೋ ತೆಗೆಸಿಕೊಂಡು, 'ನಮ್ಮವರ ಕಷ್ಟಕ್ಕೆ ನಾವಿದ್ದೇವೆ' ಎಂದು ಬೋಟಿನವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ. ಎಪ್ಪತ್ತು ಜನ ಕೈಮುಗಿದಿದ್ದರು.

ಮಳೆಗಾಲದ ಎರಡು ತಿಂಗಳ ಮೀನುಗಾರಿಕೆ ಬಂದ್ ಈಗ ಮುಗಿದಿತ್ತು. ಅಂದು ಸಂಜೆ ಬೋಟು ಹೊರಡುವುದಿತ್ತು. ಆ ಕೈಯಲ್ಲಿ ಮುತ್ತನಿಗೆ ಬಲೆ ಎಳೆಯಲು ಆಗುವುದಿಲ್ಲ, ಮೀನು ಬಾಚಲು ಆಗುವುದಿಲ್ಲ. ಇಳಿಯುವವ ಎಂಬ ಹೆಸರೊಂದೇ ಅವನನ್ನು ಬೋಟಿನಲ್ಲಿ ಇಟ್ಟಿದ್ದದ್ದು. ಚೂರಿ ಒಂದೇ ಬಂದರೆ ಇಳಿಯುವವನೂ ಒಬ್ಬನೇ. ಮುತ್ತನನ್ನು ಬಿಡಿಸಿದ್ದು ಯಾರು ಎಂದು ನಾಳೆ ಯಾರಾದರೂ ಕೇಳಿದರೆ ಧನಿಯ ಹೆಸರು ಬರುವುದಿಲ್ಲ, ಒಂದೇ ತಂದವನ ಹೆಸರು ಬರುತ್ತದೆ. ರತನ್ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ನಿಜ. ಇಷ್ಟು ತಿಳಿಯಲು ಅಷ್ಟೇ ಸಾಕಾಗಿತ್ತು. ಕುಂದಾಪುರದವರೆಗೂ ಬಸ್ಸಿನಲ್ಲಿ ಅವನು ಹಲ್ಲು ಕಡಿದುಕೊಂಡೇ ಬಂದಿದ್ದ.

"ಆ ಎರಡ್ ಕೊಡಿ," ಅಂದ.

ಮಂಜಯ್ಯನ ಹೆಬ್ಬೆರಳು ನಿಂತಿತು. "ಹ್ವಾಯ್, ಕೇಂಡ್ಯಾ ಇಲ್ಯಾ? ಅದ್ರ ಸ್ಪ್ರಿಂಗ್ ಗಟ್ಟಿ ಮಾರಾಯ. ಎರಡ್ ಕೈ ಬೇಕ್."

"ಎರಡ್ ಜನ ಇದ್ದೋ. ಎರಡ್ ಕೊಡಿ."

ಮುತ್ತ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಕಾಯುತ್ತಿದ್ದ. ಡಾಕ್ಟರಿಗೆ ಕೈ ತೋರಿಸಿ ಬಂದಿದ್ದ. ಎಡಗೈಯಲ್ಲಿ ಬನ್ಸ್ ಹಿಡಿದಿದ್ದವನು ರತನ್‌ನನ್ನು ಕಂಡು ಬೆಂಚಿನಲ್ಲಿ ಜಾಗ ಬಿಟ್ಟ.

"ಎಡ್ಗೈಯಂಗೆ ತಿಂಬುದ್ ಕಂಡ್ ಹೋಟ್ಲ್ ಭಟ್ರ್ ಮುಖ ತಿರ್ಗ್ಸಿರ್. ಬಲ್ಗೈ ತೋರ್ಸ್ದೆ. ಮತ್ತೊಂದ್ ಬನ್ಸ್ ಹಾಕಿರ್. ಈ ಕೈಗೆ ಇನ್ನೂ ಬೆಲೆ ಇತ್ತ್ ಕಾಣ್."

ರತನ್ ಎರಡು ಚೂರಿಗಳನ್ನೂ ಮೇಜಿನ ಮೇಲೆ ಇಟ್ಟ. "ಒಂದ್ ನಿಂದ್, ಒಂದ್ ನಂದ್. ಧನಿ ಒಂದ್ ಸಾಕ್ ಅಂದಿದ. ಅವ್ನ ದುಡ್ಡಂಗೇ ಎರಡ್ ತಂದೆ."

ಮುತ್ತ ಬನ್ಸ್ ಕೆಳಗಿಟ್ಟು ಕೈಯನ್ನು ಲುಂಗಿಗೆ ಒರೆಸಿಕೊಂಡ. "ನೀ ಹೆಡ್ಡ," ಅಂದ. ಹೇಳುವಾಗ ಅವನ ಮುಖದಲ್ಲಿ ಬೆಳಕಿತ್ತು. ಎರಡು ತಿಂಗಳಲ್ಲಿ ರತನ್ ಅದನ್ನು ಕಂಡಿದ್ದು ಅದೇ ಮೊದಲು.

ಮುತ್ತ ಒಂದನ್ನು ಎತ್ತಿಕೊಂಡ. ಬಲಗೈಯ ಮೂರು ಬೆರಳುಗಳ ನಡುವೆ ಹಿಡಿಯನ್ನು ಒತ್ತಿಟ್ಟು, ಎಡಗೈಯ ಉಗುರನ್ನು ಅಲಗಿನ ಗೀರಿಗೆ ಸಿಕ್ಕಿಸಿ ಎಳೆದ. ಚೂರಿಯೇ ಜಾರಿ ಮೇಜಿನ ಮೇಲೆ ಬಿತ್ತು. ಮತ್ತೆ ಎತ್ತಿದ. ಮೊಣಕಾಲುಗಳ ನಡುವೆ ಸಿಕ್ಕಿಸಿ ಎಳೆದ. ಕೊನೆಗೆ ಬಗ್ಗಿ ಹಲ್ಲಿನಲ್ಲಿ ಕಚ್ಚಿ ಎಳೆದ. ಅಲಗು ಹೊರಗೆ ಬಂತು. ತುಟಿಯ ಮೂಲೆಯಲ್ಲಿ ಸಣ್ಣಗೆ ರಕ್ತ ಕಾಣಿಸಿತು.

"ಆತ್ತ್," ಅಂದ ಮುತ್ತ. "ಹಲ್ಲಿತ್ತಲ್ದಾ."

ನೀರಿನಡಿಯಲ್ಲಿ ಬಾಯಿ ತೆರೆಯಲಾಗುವುದಿಲ್ಲ ಎಂದು ರತನ್‌ಗೆ ಹೇಳಿಕೊಟ್ಟವನೇ ಅವನು.

ಮಂಜಯ್ಯ ಬೆನ್ನ ಹಿಂದೆ ಇಟ್ಟುಕೊಂಡಿದ್ದ ಕೈ ರತನ್‌ನ ಕಣ್ಣ ಮುಂದೆ ಈಗ ಬಂತು. ಇವೆರಡನ್ನೂ ವಾಪಸು ಕೊಟ್ಟು ಆ ಒಂದನ್ನು ತರಬಹುದು. ಎಡಗೈಯೊಂದರಲ್ಲೇ ಮುತ್ತ ಅದನ್ನು ಆಡಿಸುತ್ತಾನೆ. ಆದರೆ ಆಗ ಚೂರಿ ಒಂದೇ. ಅದು ಮುತ್ತನ ಸೊಂಟದಲ್ಲಿದ್ದರೆ ಇಳಿಯುವವ ಮುತ್ತ, ಇಳಿಯುವವನಿಗೆ ಸಿಗುವ ಹೆಚ್ಚಿನ ಪಾಲೂ ಮುತ್ತನದು. ರತನ್ ಬರೀ ಬಲೆ ಎಳೆಯುವವ. ಅಂಗಡಿ ರಸ್ತೆಯ ಆಚೆಗೇ ಇತ್ತು. ರತನ್ ಅತ್ತ ನೋಡದೆ ಮುತ್ತನ ಎದುರಿಗಿದ್ದ ನೀರಿನ ಲೋಟ ಎತ್ತಿ ಗಟಗಟ ಕುಡಿದ.

"ಮಡ್ಚಿ ಕೊಡ್ತ್ಯಾ?" ಎಂದು ಕೇಳಿದ ಮುತ್ತ. ಕೇಳಿದವನೇ, "ಬೇಡ, ತೆರ್ದೇ ಇರ್ಲಿ," ಅಂದ.

ಹೋಟೆಲಿನ ಹಳೆ ಪೇಪರಿನಲ್ಲಿ ಅಲಗನ್ನು ಸುತ್ತಿ ತೊಡೆಯ ಮೇಲಿಟ್ಟುಕೊಂಡು ಮುತ್ತ ಬಸ್ಸಿನಲ್ಲಿ ಕೂತ. ತಲ್ಲೂರು ದಾಟುವವರೆಗೂ ಇಬ್ಬರೂ ಕಿಟಕಿಯ ಹೊರಗೇ ನೋಡುತ್ತಿದ್ದರು. ಒಂದು ಉಬ್ಬಿನಲ್ಲಿ ಬಸ್ಸು ಎಗರಿದಾಗ ಪಕ್ಕದಲ್ಲಿ ನಿಂತಿದ್ದ ಹೆಂಗಸು ಪೊಟ್ಟಣ ನೋಡಿ, "ಎಂತ ಮೀನ್ ಅದ್?" ಎಂದು ಕೇಳಿದಳು.

"ಒಂದೇ ಮುಳ್ಳಿನ್ ಮೀನ್," ಅಂದ ಮುತ್ತ. ಅವಳು ನಕ್ಕಳು. ರತನ್‌ಗೆ ಆ ಹೆಂಗಸಿನ ಮೇಲೂ ಸಿಟ್ಟು ಬಂತು.

ಬಂದರಿನಲ್ಲಿ ಬೋಟಿಗೆ ಐಸ್ ತುಂಬಿ ಆಗಿತ್ತು. ರಾಜೇಂದ್ರ ಮೊದಲು ರತನ್‌ನ ಚೂರಿ ನೋಡಿದ. ಆಮೇಲೆ ಮುತ್ತನ ಕೈಯ ಪೊಟ್ಟಣ ನೋಡಿದ.

"ಎರಡ್ ತಂದ್ಯಾ?"

"ಎರಡ್ ತಂದೆ," ಅಂದ ರತನ್. ದನಿ ಏರಿಸಿ ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದ. ಏರಲಿಲ್ಲ.

ಮುತ್ತ ಪೇಪರು ಬಿಚ್ಚಿದ. ರಾಜೇಂದ್ರ ಅಲಗನ್ನೂ, ಮುತ್ತನ ತುಟಿಯ ಗಾಯವನ್ನೂ ನೋಡಿದ.

"ಮಡ್ಚ್ ಕಾಂಬ, ಮುತ್ತ."

ಮುತ್ತ ಚೂರಿಯನ್ನು ಎಡಗೈಗೆ ಬದಲಿಸಿದ.

"ತೆರ್ದೇ ಹಿಡ್ಕಂತ," ಎಂದು ರತನ್ ನಡುವೆ ಬಾಯಿ ಹಾಕಿದ. "ಇಳುಕ್ ಮುಂಚೆ ನಾನ್ ತೆಗ್ದ್ ಕೊಡ್ತೆ."

"ತೆರ್ದ ಚೂರಿ ಹಿಡ್ಕಂಡ್ ಅಲೆಯಂಗೆ ಇಳುಕ್ ಆತ್ತಾ? ಹೊಟ್ಟಿಗೇ ಹೊಕ್ಕುದ್ ಅದ್. ನಿಂಗ್ ಗೊತ್ತಿಲ್ಯಾ?" ರಾಜೇಂದ್ರನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ರತನ್ ಅವನ ಮೇಲೆ ಬೀಳಬಹುದಿತ್ತು. "ಅವಂಗೆ ಎಂತಾದ್ರೂ ಆರೆ ಮನೆಯವ್ರ್ ಕೇಂಬುದ್ ನನ್ನ. ಧನಿನ ಅಲ್ಲ."

ಮುತ್ತ ಬಗ್ಗಿ ಚೂರಿಯನ್ನು ಬೋಟಿನ ಹಲಗೆಯ ಮೇಲೆ ಇಟ್ಟ. ಚೂರಿ ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವನಿಗೂ ತೆಗೆದುಕೊಂಡವನಿಗೂ ಜಗಳ ಹತ್ತುತ್ತದೆ ಎಂದು ಕಡಲಿಗೆ ಹೋಗುವವರು ನೆಲದ ಮೇಲಿಟ್ಟೇ ಕೊಡುತ್ತಾರೆ.

"ತಕೋ ರತ," ಅಂದ. "ಜಗಳ ಬೇಡ."

ರತನ್ ಚೂರಿ ಎತ್ತಿಕೊಂಡ. ಹಿಡಿ ಇನ್ನೂ ಬೆಚ್ಚಗಿತ್ತು. ಮಡಚುವಾಗ ಲಾಕು ಒಂದು ಸಣ್ಣ ಸದ್ದು ಮಾಡಿತು. ಖಾಲಿ ಐಸ್ ಬುಟ್ಟಿ ಜೋಡಿಸುತ್ತಿದ್ದವರೆಲ್ಲ ಬೇರೆ ಎಲ್ಲೋ ನೋಡುತ್ತಿದ್ದರು.

"ಎರಡೂ ನಿನ್ನತ್ರೆ ಇರ್ಲಿ," ಅಂದ ರಾಜೇಂದ್ರ. "ಒಂದ್ ನೀರಿಗ್ ಬಿದ್ರೆ ಮತ್ತೊಂದ್ ಇತ್ತ್." ಎಂಜಿನ್ ಶುರು ಮಾಡಲು ಹೋದ.

ಇಳಿ ಎಂದು ಮುತ್ತನಿಗೆ ಯಾರೂ ಹೇಳಲಿಲ್ಲ. ಅವನಾಗಿಯೇ ಹಲಗೆ ದಾಟಿ ಕಟ್ಟೆಯ ಮೇಲೆ ನಿಂತ. ಎಂಜಿನ್ ಗುಡುಗಿತು. ಬೋಟು ಹೊರಡುವುದಕ್ಕೆ ಕಂಬಕ್ಕೆ ಬಿಗಿದ ಹಗ್ಗವನ್ನು ಯಾರಾದರೂ ಬಿಚ್ಚಬೇಕಿತ್ತು. ಮುತ್ತ ಕುಕ್ಕರುಗಾಲಲ್ಲಿ ಕೂತು, ಬಲಗೈಯ ಮೂರು ಬೆರಳು ಮತ್ತು ಅಂಗೈಯ ಬುಡದಲ್ಲೇ ಆ ಒದ್ದೆ ಗಂಟನ್ನು ಸಡಿಲಿಸಿದ. ಹತ್ತು ಬೆರಳಿರುವವರಿಗೂ ಅಷ್ಟು ಬೇಗ ಆಗುತ್ತಿರಲಿಲ್ಲ. ಎದ್ದು ನಿಂತು ಹಗ್ಗವನ್ನು ಬೋಟಿನತ್ತ ಎಸೆದ. ಅದನ್ನು ಹಿಡಿಯಲು ರತನ್ ಎರಡೂ ಕೈ ಚಾಚಬೇಕಾಯಿತು.