ಬೇರೆ ಗಾಡಿ

"ಅದನ್ನೂ ಇತ್ಲಾಗೆ ಕೊಡಮ್ಮಿ, ಗುಣಿಗೆ ಇಕ್ಕೋಣ. ಅವಳ ಸಾಮಾನು ಅವಳ ಜತೇಲೇ ಹೋಗ್ಲಿ," ಎಂದು ಸಣ್ಣರಂಗಯ್ಯ ಕೈ ಚಾಚಿದ. ಅಕ್ಕ ಪಟಾಲಮ್ಮನ ಎಲೆಅಡಿಕೆ ಚೀಲವನ್ನು ಅವನು ಆಗಲೇ ಹೆಣದ ಪಕ್ಕ ಇಟ್ಟಿದ್ದ.

ಪಟಾಲಮ್ಮನ ಮಗಳು ಯಶೋಧರಾ ಸೆರಗಿನಡಿಯ ಬಾಟಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಉಪ್ಪಿನಕಾಯಿಯ ದಪ್ಪ ಗಾಜಿನ ಬಾಟಲು. ತುಂಬ ನೀರು, ತಳದಲ್ಲಿ ಮೂರು ಬೆರಳು ದಪ್ಪಕ್ಕೆ ಬೂದು ಬಣ್ಣದ ಚೂರುಗಳು.

"ಇದು ಬ್ಯಾಡ ಮಾವ. ಮಣ್ಣಿಗೆ ಇಕ್ಕಬ್ಯಾಡ, ಡಾಕ್ಟ್ರ ಕೈಗೇ ಕೊಡು ಅಂತ ಅಮ್ಮ ಮಾತಿದ್ದಾಗ್ಲೇ ಹೇಳ್ಬುಟ್ಟವ್ಳೆ."

"ಅಂಥಾದ್ದೇನಮ್ಮಿ ಅದು? ಅಕ್ಕ ಚಿನ್ನ ಗಿನ್ನ ಕೂಡಿಟ್ಟಿದ್ಲಾ?"

"ಚಿನ್ನ ಆಗಿದ್ರೆ ನೀನು ಇಷ್ಟೊತ್ತು ಕೇಳ್ಕಂಡು ನಿಂತಿರ್ತಿದ್ದಾ?" ಎಂದಳು ಪಕ್ಕದ ಮನೆಯ ಸರಸಮ್ಮ. ಅಳುತ್ತಿದ್ದವರೂ ಒಂದು ಕ್ಷಣ ನಕ್ಕರು.

ಹುಣಸೆಮರದ ಕೆಳಗೆ ನಿಂತಿದ್ದ ಹಲ್ಲಿನ ಡಾಕ್ಟರು ಚಂದ್ರಶೇಖರಯ್ಯ ನಗಲಿಲ್ಲ. ಪಟಾಲಮ್ಮ ಹದಿನಾರು ವರ್ಷ ಮಿಡಿಗೇಶಿಯಿಂದ ದಿನಾ ಬಸ್ಸಿನಲ್ಲಿ ಮಧುಗಿರಿಗೆ ಬಂದು ಅವರ ಕ್ಲಿನಿಕ್ಕಿನಲ್ಲಿ ಆಯಾ ಕೆಲಸ ಮಾಡಿದ್ದಳು. ಆ ಬಾಟಲು ಬಹಳ ಹಿಂದೆಯೇ ಸಿಂಕಿನಲ್ಲಿ ಖಾಲಿಯಾಯಿತೆಂದು ಅವರು ನಂಬಿದ್ದರು. ನಂಬಿದ್ದರೋ, ಕೇಳದೆ ಸುಮ್ಮನಿದ್ದರೋ.

*

ಕಸ ಬೇರೆ ಮಾಡುವುದನ್ನು ಕಲಿಸಿದ್ದು ಅವರೇ. ರಕ್ತ ಮೆತ್ತಿದ ಹತ್ತಿ ಹಳದಿ ಚೀಲಕ್ಕೆ, ಗ್ಲೌಸು ಕೆಂಪು ಚೀಲಕ್ಕೆ, ಸೂಜಿ ಬಿಳಿ ಡಬ್ಬಿಗೆ. ಹಲ್ಲಿನಿಂದ ಕೊರೆದು ತೆಗೆದ ಹಳೆಯ ಫಿಲ್ಲಿಂಗಿನ ಚೂರು ಮಾತ್ರ ಯಾವುದಕ್ಕೂ ಸಲ್ಲದು.

"ಅದರಲ್ಲಿ ಪಾದರಸ ಇದೆ. ಸುಟ್ಟರೆ ಹೊಗೆ ವಿಷ, ಚರಂಡಿಗೆ ಬಿಟ್ಟರೆ ನೀರು ವಿಷ. ಬಾಟಲಲ್ಲಿ ನೀರು ಹಾಕಿ ಮುಚ್ಚಿಡು. ಅದಕ್ಕೆ ಬೇರೆ ಗಾಡಿ ಬರುತ್ತೆ."

ದಿನ ಬಿಟ್ಟು ದಿನ ಕಸದ ಗಾಡಿ ಬಂದು ಚೀಲಗಳನ್ನು ಒಯ್ಯುತ್ತಿತ್ತು. ಬಾಟಲನ್ನು ಮುಟ್ಟುತ್ತಿರಲಿಲ್ಲ.

"ಬೇರೆ ಗಾಡಿ ಯಾವಾಗ್ ಬತ್ತದೆ ಸಾ?"

"ಫೋನ್ ಮಾಡ್ತೀನಿ."

ಯಾರಿಗೆ ಮಾಡಬೇಕೆಂದು ಅವರು ವಿಚಾರಿಸಲೇ ಇಲ್ಲ.

ಕ್ಲಿನಿಕ್ಕಿಗೆ ಹೊಸ ಟೈಲ್ಸ್ ಹಾಕಿಸಿದ ವರ್ಷ ಸಿಂಕಿನ ಕೆಳಗಿನ ಬಾಟಲು ಅವರ ಕಣ್ಣಿಗೆ ಚುಚ್ಚತೊಡಗಿತು.

"ಅದನ್ನ ಎಲ್ಲಾದ್ರೂ ಸಾಗಿಸು ಪಟಾಲಮ್ಮ."

"ಎಲ್ಲಿಗೆ ಸಾ? ಸುಡಂಗಿಲ್ಲ, ಸುರಿಯಂಗಿಲ್ಲ ಅಂತ ನೀವೇ ಅಲ್ವಾ ಹೇಳಿದ್ದು?"

"ಎಲ್ಲಾದ್ರೂ ಅಂದ್ನಲ್ಲ."

ಕುರ್ಚಿಯಲ್ಲಿ ರೋಗಿ ಬಾಯಿ ತೆರೆದು ಕಾಯುತ್ತಿದ್ದ. ಮರುದಿನ ಬಾಟಲು ಅಲ್ಲಿರಲಿಲ್ಲ. ಆಮೇಲೆ ಕೊರೆದ ಚೂರುಗಳು ಎಲ್ಲಿಗೆ ಹೋಗುತ್ತಿದ್ದವೆಂದು ಅವರು ನೋಡಲಿಲ್ಲ. ಗಾಡಿಯ ಮಾತನ್ನು ಅವಳೂ ಮತ್ತೆ ಎತ್ತಲಿಲ್ಲ.

*

"ಸಾರ್, ನೀವಾದ್ರೂ ಹೇಳಿ," ಎಂದ ಸಣ್ಣರಂಗಯ್ಯ. "ಹೊತ್ತಾಗ್ತೈತೆ. ಇಕ್ಕಬೋದಾ, ಬ್ಯಾಡ್ವಾ?"

ಎಲ್ಲರೂ ಡಾಕ್ಟರ ಕಡೆ ತಿರುಗಿದರು. 'ಇಕ್ಕಿ' ಎಂದರೆ ಸಾಕಿತ್ತು. ಮೇಲೆ ಮಣ್ಣು ಬೀಳುತ್ತಿತ್ತು, ಮತ್ತೆ ಯಾರೂ ಕೇಳುತ್ತಿರಲಿಲ್ಲ. ಇಳಿಜಾರಿನ ಕೆಳಗೆ ಕೆರೆಯ ನೀರು ಕಾಣುತ್ತಿತ್ತು.

"ಅಮ್ಮ ಆ ಚೂರುಗಳ್ನ ಊಟದ ಚೀಲದಾಗೆ ಚಿಕ್ಕ ಡಬ್ಬೀಲಿ ತಂದು ಇದಕ್ಕೆ ಹಾಕೋಳು ಸಾ," ಎಂದಳು ಯಶೋಧರಾ. "ಕೆಲಸ ಬಿಟ್ಟ ಮ್ಯಾಲೂ ನೀರು ಇಳಿದ್ರೆ ತುಂಬೋಳು. ಹೋದ ತಿಂಗಳು ಲಕ್ವ ಹೊಡೆದು ಮಾತು ನಿಂತೋಯ್ತಲ್ಲ, ಆಗ್ಲೂ ಮಂಚದ ಕೆಳಕ್ಕೆ ಕೈ ತೋರ್ಸೋಳು. ನಾನೇ ತುಂಬ್ತಿದ್ದೆ. ಬೇರೆ ಗಾಡಿ ಬತ್ತದಂತಲ್ಲ ಸಾ, ಬತ್ತದಾ?"

ಡಾಕ್ಟರು ಮರದ ಕೆಳಗಿಂದ ಅವಳ ಹತ್ತಿರ ಬಂದರು.

"ನಾನು ಯಾವ ಗಾಡೀನೂ ಕರೆದಿರಲಿಲ್ಲಮ್ಮ," ಎಂದರು. "ನಿಮ್ಮಮ್ಮನಿಗೆ ಸುಳ್ಳು ಹೇಳಿದ್ದೆ. ಇದು ನನ್ನ ಕಸ. ಕೊಡು."

ಯಶೋಧರಾ ಬಾಟಲನ್ನು ಅವರ ಕೈಗೆ ಕೊಟ್ಟಳು.

"ಕಸಾನ ಮಂಚದ ಕೆಳಗೆ ಮಡಿಕ್ಕಂಡು ಮಲಗ್ತಿದ್ಲಾ, ಪಾಪಿ," ಎಂದು ಸರಸಮ್ಮ ಸೆರಗನ್ನು ಕಣ್ಣಿಗೊತ್ತಿಕೊಂಡಳು.

ಡಾಕ್ಟರು ಮಣ್ಣು ಹಾಕುವ ಸರದಿ ಬಂತು. ಅಷ್ಟು ಹೊತ್ತು ತಾನು ಹಿಡಿದುಕೊಂಡಿರೋಣವೆಂದು ಯಶೋಧರಾ ಬಾಟಲಿಗೆ ಕೈ ಚಾಚಿದಳು. ಡಾಕ್ಟರು ಕೊಡಲಿಲ್ಲ, ನೆಲದ ಮೇಲೆ ಇಡಲೂ ಇಲ್ಲ. ಎಲ್ಲರೂ ಎರಡು ಕೈಯಲ್ಲಿ ಹಾಕಿದ ಮಣ್ಣನ್ನು ಅವರು ಬಾಟಲನ್ನು ಎದೆಗೊತ್ತಿಕೊಂಡು ಒಂದೇ ಕೈಯಲ್ಲಿ ಮೂರು ಸಲ ಹಾಕಿದರು. ನೀರು ಕತ್ತಿನವರೆಗೂ ಇತ್ತು. ಬಗ್ಗಿದಾಗಲೆಲ್ಲ ತಳದ ಚೂರುಗಳು ಸಣ್ಣಗೆ ಸದ್ದು ಮಾಡುತ್ತ ಒಂದು ಬದಿಗೆ ಜಾರಿ, ಅವರು ನೆಟ್ಟಗಾದಾಗ ಮತ್ತೆ ಕೆಳಗೆ ಕೂರುತ್ತಿದ್ದವು.